ಬೆಂಜಮಿನ್: ಬಲಗೈಯ ಮಗ

ಕರ್ನಾಟಕದ ಶಾಸನಗಳ ಮಾತು ಬಂದಾಗಲೆಲ್ಲ ನಾವು ಬಿ.ಎಲ್. ರೈಸ್ ಅವರನ್ನು ಸ್ಮರಿಸುತ್ತೇವೆ. ಆ ‘ಬಿ’ ಎಂದರೆ ಬೆಂಜಮಿನ್. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಈ ಮಹನೀಯರ ತಂದೆಯ ಹೆಸರೂ ಅದೇ. ಅವರು ಕ್ರೈಸ್ತ ಧರ್ಮಪ್ರಚಾರಕರಾಗಿದ್ದರು. ಹೆಸರು ಮೂಲತಃ ಇಂಗ್ಲಿಷಿನದಲ್ಲ, ಯಹೂದ್ಯರ ಹೀಬ್ರೂ ಭಾಷೆಯದು. ಅದು ಹುಟ್ಟಿದ ಬಗೆಯಲ್ಲಿ ನಮ್ಮ ಮನೆಗಳಿಗೂ ಒಂದು ಪಾಠವಿದೆಯೆಂದು ನನ್ನ ಅಭಿಪ್ರಾಯ.

ಹೀಬ್ರೂವಿನಲ್ಲಿ ‘ಬೆನ್’ ಎಂದರೆ ಮಗ, ‘ಯಾಮೀನ್’ ಎಂದರೆ ಬಲಗೈ. ಎಂದರೆ, ಬಲಗೈಯ ಮಗ. ‘ಯಾಮೀನ್’ಗೆ ದಕ್ಷಿಣ ದಿಕ್ಕು ಎಂಬ ಅರ್ಥವೂ ಉಂಟು. ಸೂರ್ಯೋದಯಕ್ಕೆ ಮುಖಮಾಡಿ ನಿಂತವನ ಬಲಕ್ಕಿರುವುದು ದಕ್ಷಿಣವೇ ಅಲ್ಲವೇ? ಸಂಸ್ಕೃತದ ‘ದಕ್ಷಿಣ’ ಶಬ್ದಕ್ಕೂ ಈ ಎರಡೂ ಅರ್ಥಗಳಿವೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದರಿಂದಲೇ ಅದು ಪ್ರದಕ್ಷಿಣೆ. ಭಾಷೆಗಳು ಬೇರೆ, ಸೂರ್ಯನೊಬ್ಬನೇ. ಕನ್ನಡದಲ್ಲಂತೂ ‘ಬಲ’ವೆಂದರೆ ಶಕ್ತಿಯೂ ಹೌದು.

ಬೈಬಲಿನ ಆದಿಕಾಂಡದ ಪ್ರಕಾರ ಯಾಕೋಬನ ಪ್ರಿಯ ಮಡದಿ ರಾಹೇಲಳು ಪ್ರಯಾಣದ ನಡುವೆ ಹೆರಿಗೆಯಲ್ಲಿ ಮಡಿದಳು. ಪ್ರಾಣ ಬಿಡುವಾಗ ಮಗುವನ್ನು ‘ಬೆನೋನಿ’, ಅಂದರೆ ‘ನನ್ನ ದುಃಖದ ಮಗ’ ಎಂದು ಕರೆದಳು. ಯಾಕೋಬನು ಆ ಹೆಸರನ್ನು ಉಳಿಸದೆ ಬೆನ್ಯಾಮೀನ್ ಎಂದು ಹೆಸರಿಟ್ಟನು. ಆ ತಾಯಿಯ ದುಃಖ ಸುಳ್ಳಲ್ಲ. ಹೆಂಡತಿಯನ್ನು ಕಳೆದುಕೊಂಡ ಅವನ ದುಃಖವೂ ಕಡಿಮೆಯದಲ್ಲ. ಆದರೆ ಆ ಹೊರೆಯನ್ನು ಬದುಕಿಡೀ ಹೊರಬೇಕಾದುದು ಮಗುವಲ್ಲ ಎಂದು ಅವನು ಬಗೆದನು.

ನಮ್ಮ ಸೀಮೆಯಲ್ಲಿಯೂ ಇಂತಹ ಹೆಸರುಗಳಿದ್ದವು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಮೃತ್ಯುವಿನ ಕಣ್ಣು ತಪ್ಪಿಸುವ ಮಮತೆ ಅದರಲ್ಲಿತ್ತು. ಆದರೆ ಹೆಣ್ಣುಮಕ್ಕಳ ಸಾಲು ಇನ್ನು ಸಾಕೆಂದು ‘ಸಾಕಮ್ಮ’ ಎಂದಿಟ್ಟರಲ್ಲ, ಅದು ಹೆತ್ತವರ ನಿರಾಶೆಯನ್ನು ಕೂಸಿನ ಹಣೆಗೆ ಬರೆದಂತೆ. ತರಗತಿಯಲ್ಲಿ ಹಾಜರಿ ಕೂಗುವಾಗ ಆ ಹೆಸರಿಗೆ ಉಳಿದವರು ನಕ್ಕರೆ, ತಗ್ಗುತ್ತಿದ್ದುದು ಆ ಬಾಲಕಿಯ ತಲೆ.

ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ (1894) ನಮ್ಮ ಮದ್ದೂರು ತಾಲ್ಲೂಕಿನ ಆತಕೂರು ಶಾಸನವೂ ಇದೆ. ಹಂದಿಯೊಡನೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಹೆಸರನ್ನು ಕ್ರಿ.ಶ. 950ರ ಸುಮಾರಿನಲ್ಲಿ ಕಲ್ಲಿನಲ್ಲಿ ಕಂಡರಿಸಿ ಗೌರವಿಸಿದ ನೆಲವಿದು. ಅದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು 2023ರಲ್ಲಿ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಕೂಸು ಹೆಸರಿಡುವ ಮೊದಲೇ ಬೇಡವಾಯಿತು. ‘ಸಾಕು’ ಎಂಬ ಆ ಹಳೆಯ ಮಾತೇ ಈಗ ಯಂತ್ರದ ನೆರವು ಪಡೆದಿದೆ.

ಕನ್ನಡದಲ್ಲಿ ‘ಸಾಕು’ ಎಂದರೆ ‘ಪೊರೆ’ ಎಂದೂ ಅರ್ಥ. ಮನೆಮಂದಿಯನ್ನು ಸಾಕಿ ಸಲಹಿದ ಸಾಕಮ್ಮಂದಿರು ನಮ್ಮೂರುಗಳಲ್ಲಿ ಎಷ್ಟಿಲ್ಲ! ಹೆಸರಿನ ಅರ್ಥವನ್ನು ಅವರೇ ತಿದ್ದಿ ಬರೆದರು. ಆದರೆ ಅಂತಹ ತಿದ್ದುಪಡಿಯ ಕೆಲಸವನ್ನು ಮಗುವಿಗೆ ಬಿಡುವುದು ಹಿರಿಯರಿಗೆ ಶೋಭೆಯಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಹೆಸರಿಡುವ ಮುನ್ನ ಜನ್ಮನಕ್ಷತ್ರ ನೋಡಿ, ಬೇಡವೆನ್ನೆನು. ಜೊತೆಗೆ ನಿಮ್ಮ ಮನಸ್ಸನ್ನೂ ಒಮ್ಮೆ ನೋಡಿಕೊಳ್ಳಿ. ಹುಟ್ಟಿದ್ದು ಹೆಣ್ಣಾಗಲಿ ಗಂಡಾಗಲಿ, ಅದು ಮನೆಯ ಬಲಗೈ.