ಆರಾಮಕುರ್ಚಿಯಲ್ಲಿ ಕೂತವರು ಯಾರು?



ಇತ್ತೀಚೆಗೆ ತಾಲ್ಲೂಕು ಕೇಂದ್ರದಲ್ಲಿ ನಡೆದ ವರದಕ್ಷಿಣೆ ವಿರೋಧಿ ಸಭೆಯ ಕೊನೆಯಲ್ಲಿ ಮಹನೀಯರೊಬ್ಬರು ಎದ್ದು ನಿಂತು, ವೇದಿಕೆಯ ಮೇಲಿದ್ದ ನಮ್ಮನ್ನೂ ಕೆಳಗಿದ್ದ ಸಂಘದವರನ್ನೂ ಸೇರಿಸಿ 'ಆರ್ಮ್‌ಚೇರ್ ಸ್ತ್ರೀವಾದಿಗಳು' ಎಂದು ಕರೆದರು. ಇಂಗ್ಲಿಷ್ ಬಲ್ಲ ನಾಲ್ಕಾರು ಮಂದಿ ನಕ್ಕರು. ಸಭೆ ಮುಗಿದ ಮೇಲೆ ಸ್ತ್ರೀಶಕ್ತಿ ಸಂಘದ ಸದಸ್ಯೆಯೊಬ್ಬರು ನನ್ನ ಬಳಿ ಬಂದು, "ಮೇಡಂ, ಹಂಗಂದ್ರೆ ಏನು? ಬೈಗುಳವಾ?" ಎಂದು ಕೇಳಿದರು. ಬೈಗುಳವೇ ಎಂದೆ. "ನಾವು ಜಮಖಾನದ ಮೇಲೆ ಕೂತಿದ್ವಲ್ಲ, ನಮಗೆ ಕುರ್ಚಿ ಎಲ್ಲಿಂದ ಬಂತು?" ಎಂದರು. ಬಸ್ಸಿಗೆ ಹೊತ್ತಾಗಿತ್ತು, ಉತ್ತರ ಹೇಳಲಾಗಲಿಲ್ಲ. ಕಾಲೇಜಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಆ ಉತ್ತರವನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯ.

ಆರ್ಮ್‌ಚೇರ್ ಎಂದರೆ ಕೈಯೂರಲು ತೋಳುಗಳಿರುವ ಕುರ್ಚಿ. ನಮ್ಮ ಹಳೆಯ ಮನೆಗಳ ಜಗಲಿಯಲ್ಲಿ ಯಜಮಾನರು ಕಾಲು ಚಾಚಿ ಒರಗುತ್ತಿದ್ದ ಆರಾಮಕುರ್ಚಿಯನ್ನು ನೆನಪಿಸಿಕೊಳ್ಳಿ. ಇಂಗ್ಲಿಷ್ ಮಾತಾಡುವವರು ಈ ಪದವನ್ನು ಬೇರೆ ಪದಗಳ ಹಿಂದೆ ಜೋಡಿಸುತ್ತಾರೆ. ಯುದ್ಧಭೂಮಿಗೆ ಕಾಲಿಡದೆ, ಸೈನ್ಯ ಹೀಗೆ ನುಗ್ಗಬೇಕಿತ್ತು ಎಂದು ಮನೆಯಲ್ಲಿ ಕೂತು ಹೇಳುವವನು 'ಆರ್ಮ್‌ಚೇರ್ ಜನರಲ್'. ತಾನು ಒಂದು ಕಡ್ಡಿಯನ್ನೂ ಎತ್ತಿಡದೆ ಪರರ ಕೆಲಸದಲ್ಲಿ ತಪ್ಪು ಹುಡುಕುವವನು 'ಆರ್ಮ್‌ಚೇರ್ ಕ್ರಿಟಿಕ್'. 1890ರಲ್ಲಿ 'ದಿ ಗೋಲ್ಡನ್ ಬೋ' ಎಂಬ ಪ್ರಸಿದ್ಧ ಗ್ರಂಥ ಪ್ರಕಟಿಸಿದ ಜೇಮ್ಸ್ ಫ್ರೇಜರ್ ಅವರನ್ನು ಮುಂದಿನ ತಲೆಮಾರಿನ ವಿದ್ವಾಂಸರು ಆರ್ಮ್‌ಚೇರ್ ಪಂಡಿತರ ಸಾಲಿಗೆ ಸೇರಿಸಿದರು. ದೂರದೇಶದ ಬುಡಕಟ್ಟುಗಳ ಆಚಾರಗಳ ಬಗ್ಗೆ ಅವರು ಬರೆದದ್ದು ಪುಸ್ತಕಗಳನ್ನೂ ಪಾದ್ರಿಗಳು, ಅಧಿಕಾರಿಗಳು ಕಳಿಸಿದ ವರದಿಗಳನ್ನೂ ಓದಿ; ಆ ಜನರ ನಡುವೆ ಬದುಕಿ ಅಲ್ಲ.

ಆದರೆ ಇದೇ ಪದಕ್ಕೆ ಮೃದುವಾದ ಬಳಕೆಯೂ ಇದೆ. ಪ್ರವಾಸಕಥನ ಓದುತ್ತ ಕೂತಲ್ಲೇ ಹಿಮಾಲಯ ಸುತ್ತುವವನನ್ನು 'ಆರ್ಮ್‌ಚೇರ್ ಟ್ರಾವೆಲರ್' ಎನ್ನುತ್ತಾರೆ. ಅದರಲ್ಲಿ ನಿಂದೆಯಿಲ್ಲ. ಕುರ್ಚಿ ಅದೇ, ಕೂತ ಭಂಗಿಯೂ ಅದೇ. ಹಾಗಿದ್ದರೆ ಒಬ್ಬನಿಗೆ ಮುಗುಳ್ನಗೆ, ಇನ್ನೊಬ್ಬನಿಗೆ ಬೈಗುಳ ಏಕೆ? ಪುಸ್ತಕದಲ್ಲಿ ಹಿಮಾಲಯ ಹತ್ತಿದವನಿಂದ ಯಾರಿಗೂ ಗಾಯವಾಗುವುದಿಲ್ಲ. ಕುರ್ಚಿಯಲ್ಲಿ ಕೂತು ಯುದ್ಧ ಮಾಡುವವನ ಮಾತು ಕೇಳಿದರೆ ಬೇರೆಯವರ ಮಕ್ಕಳು ಸಾಯುತ್ತಾರೆ. ಆದ್ದರಿಂದ ಈ ಬೈಗುಳ ಕೂತದ್ದಕ್ಕಲ್ಲ. ತನಗೆ ತಟ್ಟದ ಅಪಾಯದ ಬಗ್ಗೆ ತೀರ್ಪು ಕೊಡುವುದಕ್ಕೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಗಾದೆ ಹೇಳುವುದೂ ಇದನ್ನೇ.

ಕೂತು ಮಾಡುವ ಕೆಲಸವೆಲ್ಲ ಹುಸಿಯಲ್ಲ ಎಂಬುದಕ್ಕೆ ನಮ್ಮ ಚಳವಳಿಯ ಚರಿತ್ರೆಯೇ ಸಾಕ್ಷಿ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತು. ಸುಪ್ರೀಂ ಕೋರ್ಟ್ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿತು. ಆಗ, 1979ರಲ್ಲಿ, ಉಪೇಂದ್ರ ಬಕ್ಷಿ, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಪತ್ರವನ್ನು ಕುರ್ಚಿಯಲ್ಲಿ ಕೂತೇ ಬರೆದಿರಬೇಕು. ಆ ಪತ್ರ ದೇಶದ ಹೆಂಗಸರನ್ನು ಬೀದಿಗೆ ತಂದಿತು; 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. ಅದೇ ವರ್ಷ ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆನ್ನುವ 498-ಎ ಕಲಮೂ ಬಂತು. ಅದರ ಹಿಂದೆ ಸುಟ್ಟು ಸತ್ತ ಹೆಣ್ಣುಮಕ್ಕಳ ತಾಯಂದಿರ ಹೋರಾಟವಿತ್ತು. ದೆಹಲಿಯ ಸತ್ಯರಾಣಿ ಚಡ್ಢಾ 1979ರಲ್ಲಿ ಮಗಳನ್ನು ಕಳೆದುಕೊಂಡರು. ಅಳಿಯನಿಗಾದ ಶಿಕ್ಷೆಯನ್ನು ಹೈಕೋರ್ಟ್ ಎತ್ತಿಹಿಡಿಯುವ ಹೊತ್ತಿಗೆ 2013 ಆಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದ ಈ ತಾಯಿಯ ಚಳವಳಿಗೆ ಆರಾಮಕುರ್ಚಿಯ ಹೆಸರಿಡಲು ನಾಲಗೆ ಹೇಗೆ ಏಳುತ್ತದೆ?

ಹಾಗಾದರೆ ನಮ್ಮಲ್ಲಿ ನಿಜವಾದ ಆರಾಮಕುರ್ಚಿ ಎಲ್ಲಿದೆ? ಹೆಣ್ಣು ನೋಡುವ ಶಾಸ್ತ್ರಕ್ಕೆ ಬನ್ನಿ. ಅಕ್ಕಪಕ್ಕದ ಮನೆಗಳಿಂದ ಎರವಲು ತಂದ ಕುರ್ಚಿಗಳಲ್ಲಿ ಗಂಡಿನ ಕಡೆಯವರು ಕೂರುತ್ತಾರೆ. ಹುಡುಗಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ನಿಲ್ಲುತ್ತಾಳೆ. ಅವಳ ತಂದೆ ಕುರ್ಚಿಯ ತುದಿಯಲ್ಲಿ ಕೈಕಟ್ಟಿ ಕೂತಿರುತ್ತಾನೆ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವೇನು ಹಾಕ್ತೀರೋ ಹಾಕಿ" ಎಂಬ ಮಾತು ಬರುವುದು ಆ ಕುರ್ಚಿಗಳಿಂದಲೇ. 1961ರಲ್ಲೇ ವರದಕ್ಷಿಣೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ನಿಷೇಧಿಸಿದ ಕಾನೂನು ಬಂದಿದೆ. ಆ ಕುರ್ಚಿಗಳ ಸಾಲಿಗೆ ಅದು ಇನ್ನೂ ತಲುಪಿಲ್ಲ.

ಎರಡನೆಯ ಆರಾಮಕುರ್ಚಿ ನಮ್ಮ ಅರಳಿಕಟ್ಟೆ. ಪೆಟ್ಟು ತಿಂದು ತವರಿಗೆ ಬಂದವಳನ್ನು ಎದುರು ನಿಲ್ಲಿಸಿ ಹಿರಿಯರು ಪಂಚಾಯಿತಿ ಮಾಡುತ್ತಾರೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೊಂದಿಕೊಂಡು ಹೋಗಮ್ಮ" ಎಂದು ತೀರ್ಪಾಗುತ್ತದೆ. ತೀರ್ಪು ಕೊಟ್ಟವರು ತಮ್ಮ ತಮ್ಮ ಮನೆಗೆ ಹೋಗಿ ಉಂಡು ಮಲಗುತ್ತಾರೆ. ಆ ರಾತ್ರಿ ಅವನ ಮನೆಯಲ್ಲಿ ಮಲಗಬೇಕಾದವಳು ಅವಳು ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇಡೀ ದೇಶದಲ್ಲಿ, ಹಿಂಸೆಗೆ ಒಳಗಾದವರ ಪೈಕಿ ನೆರವು ಕೇಳಿದವರು ಶೇಕಡಾ 14 ಮಾತ್ರ. ಉಳಿದವರು ಹೊಂದಿಕೊಂಡಿದ್ದಾರೆ. 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,450. ಹೊಂದಿಕೊಂಡು ಹೋಗು ಎಂಬ ಮಾತನ್ನು ಅವರಲ್ಲಿ ಎಷ್ಟು ಮಂದಿ ಕೇಳಿರಬಹುದು, ನೀವೇ ಯೋಚಿಸಿ.

ಮೂರನೆಯದು, 498-ಎ ದುರುಪಯೋಗವಾಗುತ್ತಿದೆ ಎಂದು ಹುಯಿಲೆಬ್ಬಿಸುವವರ ಕುರ್ಚಿ. ಸುಳ್ಳು ದೂರು ಕೊಡುವವರು ಯಾವ ಕಾನೂನಿನಲ್ಲೂ ಇರುತ್ತಾರೆ, ಇಲ್ಲಿಯೂ ಇರಬಹುದು. ಅದಕ್ಕೆ ಶಿಕ್ಷೆಯೂ ಕಾನೂನಿನಲ್ಲೇ ಇದೆ. ಆದರೆ ಠಾಣೆಯ ಬೆಂಚಿನ ಮೇಲೆ ಕೈಗೂಸನ್ನು ಇಟ್ಟುಕೊಂಡು ಸಂಜೆಯವರೆಗೆ ಕಾಯುವ ಹೆಂಗಸನ್ನು ಇವರು ಒಮ್ಮೆಯಾದರೂ ನೋಡಿದ್ದಾರೆಯೆ? 2017ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ, ಇಂಥ ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳು ನೋಡಬೇಕು ಎಂದಿತು. 2018ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಸಮಿತಿಗಳನ್ನು ತೆಗೆದುಹಾಕಿತು. ಅಲಹಾಬಾದ್ ಹೈಕೋರ್ಟ್ 2022ರಲ್ಲಿ ಅಂಥದೇ ಸಮಿತಿಗಳನ್ನೂ, ದೂರು ದಾಖಲಾದ ಮೇಲೆ ಎರಡು ತಿಂಗಳು ಬಂಧನವಿಲ್ಲದ 'ತಣ್ಣಗಾಗುವ ಅವಧಿ'ಯನ್ನೂ ಹೇಳಿತು. ಗಂಭೀರ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಸಮ್ಮತಿ ನೀಡಿತು. ನ್ಯಾಯಾಲಯದ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ: ಈ ಎರಡು ತಿಂಗಳು ಅವಳು ಎಲ್ಲಿರಬೇಕು? ಯಾರ ಒಲೆಯ ಮುಂದೆ? ಯಾರು ತಣ್ಣಗಾಗುವವರೆಗೆ?

ಇಷ್ಟೆಲ್ಲ ಬರೆದು, ನನ್ನ ಕುರ್ಚಿಯ ವಿಷಯ ಮುಚ್ಚಿಟ್ಟರೆ ಅದು ವಂಚನೆಯಾದೀತು. ತೊಂಬತ್ತರ ದಶಕದ ಮಾತು. ಕೊನೆಯ ವರ್ಷದ ಬಿ.ಎ. ಓದುತ್ತಿದ್ದ ಹುಡುಗಿ, ಮದುವೆಯಾಗಿ ಎಂಟು ತಿಂಗಳಾಗಿತ್ತು. ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬಂದು ಎದುರು ನಿಂತಳು. ಕೂರು ಎಂದು ಹೇಳಲೂ ನನಗೆ ತೋಚಲಿಲ್ಲ. "ಮೇಡಂ, ಸ್ಕೂಟರಿಗೆ ದುಡ್ಡು ತಗೊಂಡು ಬಾ ಅಂತ ಹೊಡೀತಾರೆ" ಎಂದಳು. ನಾನು ಪೆನ್ನು ಕೆಳಗಿಡದೆ, "ಪರೀಕ್ಷೆ ಒಂದು ಮುಗಿಸಮ್ಮ, ಡಿಗ್ರಿ ಕೈಗೆ ಬರಲಿ. ಅಲ್ಲಿಯವರೆಗೆ ಸ್ವಲ್ಪ ಸಹಿಸಿಕೋ" ಎಂದೆ. ತಲೆಯಾಡಿಸಿ ಹೋದಳು. ಪರೀಕ್ಷೆಯ ದಿನ ಅವಳ ನಂಬರಿನ ಬೆಂಚು ಖಾಲಿಯಿತ್ತು. ಸ್ಟವ್ ಸಿಡಿಯಿತು ಎಂದರು. ಅವಳ ಮನೆಗೆ ಹೋದಾಗ ಅವಳ ತಾಯಿ, "ನಿಮ್ಮ ಹತ್ರ ಹೇಳ್ಕೊಂಡಿದ್ದೀನಿ ಅಂದಿದ್ಲು, ಮೇಡಂ ಸಹಿಸ್ಕೋ ಅಂದ್ರು ಅಂತಲೂ ಅಂದ್ಲು" ಎಂದರು. ನನ್ನ ಬುದ್ಧಿಮಾತು ತಪ್ಪಾಯಿತು. ನನಗೆ ಏನು ಹೋಯಿತು? ಸಂಬಳ ನಿಲ್ಲಲಿಲ್ಲ, ಬಡ್ತಿ ನಿಲ್ಲಲಿಲ್ಲ. ಕಳೆದುಕೊಂಡವರು ಅವಳೂ ಅವಳ ತಾಯಿಯೂ. ಅಂದು ಯಾರಾದರೂ ನನ್ನನ್ನು ಆರ್ಮ್‌ಚೇರ್ ಎಂದು ಕರೆದಿದ್ದರೆ ಅದು ನ್ಯಾಯವಾಗಿರುತ್ತಿತ್ತು.

ಆದ್ದರಿಂದ ಈ ಪದವನ್ನು ಎಸೆಯಬೇಡಿ ಎಂದು ಕೇಳುತ್ತೇನೆ. ಕಲಿತು ಇಟ್ಟುಕೊಳ್ಳಿ. ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ಮಡಚಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಯಾರೇ ನಿಮ್ಮ ಮಗಳಿಗೆ, ಸೊಸೆಗೆ, ಪಕ್ಕದ ಮನೆಯವಳಿಗೆ ಹೊಂದಿಕೊಂಡು ಹೋಗು ಎಂದರೆ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಮಾತು ತಪ್ಪಾದರೆ ನಷ್ಟ ಯಾರಿಗೆ?" ಹೇಳುವವರು ಹಿರಿಯರಿರಲಿ, ಅಧಿಕಾರಿ ಇರಲಿ, ನನ್ನಂಥ ಮೇಡಂ ಇರಲಿ. ನಷ್ಟ ಅವರದಲ್ಲದಿದ್ದರೆ, ತೀರ್ಪೂ ಅವರದಲ್ಲ.

ಪ್ರಶ್ನೆ ಕೇಳಿ ಸುಮ್ಮನಿದ್ದರೆ ನಾವೂ ಅದೇ ಕುರ್ಚಿಯಲ್ಲಿ ಕೂತಂತೆ. ಅವಳೊಂದಿಗೆ ಇಬ್ಬರು ಠಾಣೆಗೆ ಹೋಗಿ. 2024ರ ಜುಲೈ 1ರಿಂದ 498-ಎ ಬದಲು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಿವೆ. ಹೆಸರು ಬದಲಾಗಿದೆ, ಅಪರಾಧ ಬದಲಾಗಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಅವಳಿಗೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣಾ ಆದೇಶ ಕೇಳುವ ಹಕ್ಕನ್ನೂ ಕೊಟ್ಟಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ರಾತ್ರಿ ಹೊತ್ತಾದರೆ 181ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಅದಕ್ಕೂ ಮೊದಲು, ಅವಳು ನಿಮ್ಮ ಬಾಗಿಲಿಗೆ ಬಂದಾಗ ಕೈಯಲ್ಲಿರುವ ಕೆಲಸ ಕೆಳಗಿಡಿ. ಅವಳನ್ನು ಕೂರಿಸಿ.

ಜಮಖಾನದ ಮೇಲೆ ಕೂತಿದ್ದ ಆ ತಂಗಿಗೆ ನನ್ನ ಉತ್ತರ ಇದು: ಕುರ್ಚಿ ನಿಮ್ಮದಲ್ಲಮ್ಮ. ಅದು ಯಾರದೆಂದು ಮುಂದಿನ ಸಭೆಯಲ್ಲಿ ಎದ್ದು ನಿಂತು ನೀವೇ ಕೇಳಿ. ನಾನು ನಿಮ್ಮ ಪಕ್ಕ ನಿಂತಿರುತ್ತೇನೆ.