ಕೊನೆಯ ಪಿರಿಯಡ್, ಕೊನೆಯ ಬಸ್ಸು



ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಕೊನೆಯ ಪಿರಿಯಡ್ ಮುಗಿಯುವ ಮೊದಲೇ ಹಿಂದಿನ ಬೆಂಚಿನ ನಾಲ್ಕೈದು ಮಕ್ಕಳು ಚೀಲ ಹೆಗಲಿಗೇರಿಸಿ ಎದ್ದು ನಿಲ್ಲುತ್ತಿದ್ದರು. "ಸಾರ್, ಬಸ್ಸು ಹೊರಟುಬಿಡುತ್ತೆ" ಎನ್ನುತ್ತಿದ್ದರು. ಎಷ್ಟೋ ಸಲ ಗದರಿಸಿ ಕೂರಿಸಿದ್ದೇನೆ. ಆ ಬಸ್ಸು ತಪ್ಪಿದರೆ ಅವರು ಕತ್ತಲಲ್ಲಿ ಊರಿಗೆ ನಡೆಯಬೇಕಿತ್ತೆಂಬುದು ನನಗೆ ತಡವಾಗಿ ತಿಳಿಯಿತು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಲಿ.

ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಗಳನ್ನು ಕಂಡಾಗ ಅದೇ ನೆನಪಾಗುತ್ತದೆ. ಮೊದಲು ನಿವೇಶನ, ಬಳಿಕ ಮನೆ, ಆಮೇಲೆ ಸ್ಕೂಟರು, ಕಾರು, ಕಟ್ಟಕಡೆಗೆ ಬಸ್ಸು. ಅಷ್ಟರಲ್ಲಿ ಅದಕ್ಕಾಗಿ ಕಾಯುವವರು ವೃದ್ಧರು, ವಿದ್ಯಾರ್ಥಿಗಳು, ಮನೆಗೆಲಸದ ಹೆಂಗಸರು ಮಾತ್ರ. ಜನ ಸಾಲದೆಂದು ಆ ಬಸ್ಸೂ ವಿರಳವಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತದ್ದು ಸಂತೋಷವೇ. ಆದರೆ ಬಸ್ಸೇ ಬಾರದ ಕಡೆ ಉಚಿತ ಟಿಕೆಟ್ಟಿನಿಂದೇನು ಫಲ?

ದೂರಾಲೋಚನೆ ಮೈಸೂರಿಗೆ ಹೊಸದಲ್ಲ. ಪ್ಲೇಗಿನಿಂದ ತತ್ತರಿಸಿದ ಮೇಲೆ, 1903ರಷ್ಟು ಹಿಂದೆಯೇ, ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ರಚಿಸಿಕೊಂಡ ಊರಿದು. ನನ್ನ ಅಭಿಪ್ರಾಯವಿಷ್ಟೆ: ಬಡಾವಣೆಯ ನಕ್ಷೆಗೆ ಒಪ್ಪಿಗೆ ನೀಡುವಾಗಲೇ ಬಸ್ಸಿನ ಮಾರ್ಗ, ನಿಲ್ದಾಣ, ತಿರುಗುವ ಜಾಗ ಗುರುತಾಗಬೇಕು. ಇಪ್ಪತ್ತು ವರ್ಷಗಳ ವೇಳಾಪಟ್ಟಿಯನ್ನು ಇಂದೇ ಬರೆಯಲಾಗದು, ಜಾಗವನ್ನು ಕಾದಿರಿಸಬಹುದು. ನಂಜನಗೂಡು, ಶ್ರೀರಂಗಪಟ್ಟಣಗಳ ರೈಲುಗಳಿಗೂ ಬಸ್ಸುಗಳು ಹೊಂದಿಕೊಳ್ಳಬೇಕು. ಮೊದಲ ವರ್ಷಗಳ ನಷ್ಟವನ್ನು ಖರ್ಚೆನ್ನದೆ, ರಸ್ತೆ, ಚರಂಡಿಗಳಂತೆ ಬಂಡವಾಳವೆಂದೇ ಬಗೆಯಬೇಕು.

ನನ್ನ ಶಿಷ್ಯರಲ್ಲಿ ಎಂಜಿನಿಯರುಗಳೂ ಅಧಿಕಾರಿಗಳೂ ಇದ್ದೀರಿ. ಅಂತಹ ನಕ್ಷೆ ನಿಮ್ಮ ಮೇಜಿಗೆ ಬಂದಾಗ, ಆ ಹಿಂದಿನ ಬೆಂಚನ್ನೊಮ್ಮೆ ನೆನೆಯಿರಿ.