ಎರಡು ವರ್ಷದ ಷರತ್ತು, ಯಾರ ಹಳ್ಳಿಗೆ ಲಾಭ?

ನನ್ನ ಅಕ್ಕನ ಮಗಳು ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ವೈದ್ಯಕೀಯ ರೆಸಿಡೆನ್ಸಿ ಮಾಡುತ್ತಿದ್ದಾಳೆ. ವೀಸಾದ ಮೇಲೇ ಅಚ್ಚಾಗಿದೆ: ಸೆಕ್ಷನ್ 212(ಇ), ಎರಡು ವರ್ಷದ ನಿಯಮ ಅನ್ವಯ. ತರಬೇತಿ ಮುಗಿಸಿ ಎರಡು ವರ್ಷ ಭಾರತದಲ್ಲಿ ಇರದಿದ್ದರೆ ಎಚ್-1ಬಿಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ.

2024ರ ಡಿಸೆಂಬರಿನಲ್ಲಿ ಯಾವ ದೇಶಕ್ಕೆ ಯಾವ ಪರಿಣತಿ ಬೇಕೆಂದು ಹೇಳುವ ತನ್ನ ಕೌಶಲ ಪಟ್ಟಿಯಿಂದ ಅಮೆರಿಕ ಭಾರತವನ್ನು ಕೈಬಿಟ್ಟಿತು. ಆ ಪಟ್ಟಿಯಿಂದಷ್ಟೇ ಕಟ್ಟಿಬಿದ್ದಿದ್ದ ಸಂಶೋಧಕರು ಪಾರಾದರು. ವೈದ್ಯರಿಗೆ ಆ ಭಾಗ್ಯವಿಲ್ಲ.

ಷರತ್ತಿನಿಂದ ಬಿಡಿಸಿಕೊಳ್ಳಲು ಅವರು ಹೆಚ್ಚಾಗಿ ಹಿಡಿಯುವ ದಾರಿ ಕಾನ್ರಾಡ್ 30 ಎಂಬ ಯೋಜನೆ. ಒಂದೊಂದು ರಾಜ್ಯವೂ ವರ್ಷಕ್ಕೆ 30 ವೈದ್ಯರಿಗೆ ವಿನಾಯಿತಿ ಶಿಫಾರಸು ಮಾಡಬಹುದು. ಬದಲಿಗೆ ಅವರು ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಬೇಕು. ಕಲಿತದ್ದು ತಾಯ್ನಾಡಿಗೆ ಸಲ್ಲಲಿ ಎಂದು ಮಾಡಿದ ನಿಯಮ ಅಮೆರಿಕದ ಹಳ್ಳಿಗಳಿಗೇ ವೈದ್ಯರನ್ನು ಒದಗಿಸುತ್ತಿದೆ. ಜಾಣರಪ್ಪ!

ಅಮೆರಿಕದವರನ್ನು ನಾನು ದೂರುವುದಿಲ್ಲ; ನನ್ನ ದೂರು ನಮ್ಮವರ ಮೇಲೆ. ಅರಿವಳಿಕೆ ತಜ್ಞರಿಲ್ಲವೆಂದು ತುಂಬು ಬಸುರಿಯರನ್ನು ತಾಲ್ಲೂಕು ಆಸ್ಪತ್ರೆಯಿಂದ ಆಂಬುಲೆನ್ಸ್ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳಿಸುವುದನ್ನು ಕಂಡವನು ನಾನು. ಜೆ-1ಕ್ಕೆ ಹೊರಡುವ ವೈದ್ಯರಿಗೆ ‘ಈ ಪರಿಣತಿ ನಮ್ಮ ದೇಶಕ್ಕೆ ಬೇಕು’ ಎಂದು ಪತ್ರ ಕೊಡುವುದು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೇ. ಬೇಕು ಎಂದವರು ಎರಡು ವರ್ಷದ ಗುತ್ತಿಗೆ ಹುದ್ದೆ, ಒಂದು ಕ್ವಾರ್ಟರ್ಸು, ತಿಂಗಳು ತಪ್ಪದ ಸಂಬಳ ಇಷ್ಟನ್ನಾದರೂ ಕಾದಿರಿಸಬೇಡವೇ?